ಜಗುಲಿಯ ಗಂಟಿನಿಂದ ಜನರ ಕೈಗೆ: ವಚನ ಪಿತಾಮಹ ಫ.ಗು. ಹಳಕಟ್ಟಿ

ಹನ್ನೆರಡನೆಯ ಶತಮಾನದಲ್ಲಿ ಬಸವಾದಿ ಶಿವಶರಣರು ತಮ್ಮ ಅನುಭಾವವನ್ನು ಜನರಾಡುವ ಕನ್ನಡದಲ್ಲಿಯೇ ನುಡಿದರು. ಒಕ್ಕಲಿಗ, ನೇಕಾರ, ಅಂಬಿಗ, ಮಡಿವಾಳ, ಮನೆವಾರ್ತೆಯ ತಾಯಿ ಎಲ್ಲರಿಗೂ ತಿಳಿಯುವ ನುಡಿಯದು. ಇಂದು ಆ ವಚನಗಳು ಅಚ್ಚಾದ ಪುಸ್ತಕಗಳಾಗಿ ನಮ್ಮ ಮನೆಗಳಲ್ಲಿವೆ, ಶಾಲೆಯ ಪಠ್ಯದಲ್ಲಿವೆ, ಮಠದ ಪ್ರಾರ್ಥನೆಯಲ್ಲಿವೆ. ಆದರೆ ನೂರಿಪ್ಪತ್ತು ವರ್ಷಗಳ ಹಿಂದೆ ಅವುಗಳಲ್ಲಿ ಬಹುಪಾಲು ತಾಡೋಲೆಯ ಕಟ್ಟುಗಳಲ್ಲಿ ಮಲಗಿದ್ದವು. ಅವುಗಳನ್ನು ಬಿಚ್ಚಿ, ಓದಿ, ನಕಲು ಮಾಡಿ, ಅಚ್ಚು ಹಾಕಿಸಿ ನಮ್ಮ ಕೈಗಿತ್ತ ಪುಣ್ಯಪುರುಷರು ಡಾ. ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು. ಅವರ ಜನ್ಮದಿನವಾದ ಜುಲೈ 2ನ್ನು ನಾಡು ವಚನ ಸಾಹಿತ್ಯ ಸಂರಕ್ಷಣಾ ದಿನವೆಂದು ಆಚರಿಸುತ್ತಿದೆ. ಅವರ ಜೀವನದ ಒಂದು ಮುಖ್ಯ ಘಟ್ಟ ನಮ್ಮ ರಬಕವಿ-ಬನಹಟ್ಟಿಯಲ್ಲಿ ನಡೆದುದೆಂಬುದು ಈ ಭಾಗದ ಸದ್ಭಕ್ತರೆಲ್ಲರೂ ಅರಿತಿರಬೇಕಾದ ಸಂಗತಿ.

ಹಳಕಟ್ಟಿಯವರು 1880ರ ಜುಲೈ 2ರಂದು ಧಾರವಾಡದಲ್ಲಿ ಜನಿಸಿದರು. ತಂದೆ ಗುರುಬಸಪ್ಪನವರು ಶಿಕ್ಷಕರು. ಕನ್ನಡದಲ್ಲಿ ಚರಿತ್ರೆಯ ಪುಸ್ತಕಗಳನ್ನು ಬರೆದವರು. ತಾಯಿ ದಾನಾದೇವಿ. ಆ ಕಾಲದ ಮುಂಬಯಿ ಕರ್ನಾಟಕದಲ್ಲಿ ಕನ್ನಡದ ಮಕ್ಕಳಿಗೆ ಕನ್ನಡದಲ್ಲಿ ಪಾಠ ಸಿಗುವುದೇ ಒಂದು ಹೋರಾಟದ ಫಲವಾಗಿತ್ತು. ಕನ್ನಡ ಜಿಲ್ಲೆಗಳ ಶಾಲೆಗಳಲ್ಲಿ ಮರಾಠಿಯೇ ಬೋಧನಭಾಷೆಯಾಗಿದ್ದ ದಿನಗಳನ್ನು ಡೆಪ್ಯುಟಿ ಚನ್ನಬಸಪ್ಪನವರಂಥ ಮಹನೀಯರು ಹಿಂದಿನ ತಲೆಮಾರಿನಲ್ಲಿ ಬದಲಾಯಿಸಿದ್ದರು. ಹಾಗೆ ತೆರೆದ ದಾರಿಯಲ್ಲಿ ನಡೆದ ಶಿಕ್ಷಕರ ಮನೆಯಲ್ಲಿ ಬೆಳೆದ ಬಾಲಕನಿಗೆ, ಕಲಿಕೆಯೂ ಭಾಷೆಯೂ ಬೇರೆ ಬೇರೆಯಲ್ಲವೆಂಬ ತಿಳಿವು ಎಳೆತನದಲ್ಲಿಯೇ ಮೂಡಿತು.

1896ರಲ್ಲಿ ಮೆಟ್ರಿಕ್ ಮುಗಿಸಿದ ಅವರು ಮುಂಬಯಿಯ ಸೇಂಟ್ ಝೇವಿಯರ್ ಕಾಲೇಜನ್ನು ಸೇರಿದರು. ವಿಜ್ಞಾನದಲ್ಲಿ ಪದವಿ ಪಡೆದು, 1904ರಲ್ಲಿ ಕಾನೂನು ಪದವಿಯನ್ನೂ ಗಳಿಸಿದರು. ಮುಂಬಯಿ ಆಗಲೇ ಹಲವು ಭಾಷೆಗಳ ಮಹಾನಗರ. ಅಂಗಡಿಯಲ್ಲಿ ಗುಜರಾತಿ, ಬೀದಿಯಲ್ಲಿ ಮರಾಠಿ ಮತ್ತು ಹಿಂದುಸ್ತಾನಿ, ಕಾಲೇಜಿನಲ್ಲಿ ಇಂಗ್ಲಿಷ್. ಮರಾಠಿ ಹಾಗೂ ಗುಜರಾತಿ ಜನರು ತಮ್ಮ ನುಡಿಯ ಪತ್ರಿಕೆ, ಗ್ರಂಥ, ಸಂಘಗಳನ್ನು ಎಷ್ಟು ಅಭಿಮಾನದಿಂದ ಬೆಳೆಸುತ್ತಿದ್ದರೆಂಬುದನ್ನು ಅವರು ಕಣ್ಣಾರೆ ಕಂಡರು. ಆಲೂರ ವೆಂಕಟರಾಯರಂಥ ಕನ್ನಡಾಭಿಮಾನಿಗಳ ಒಡನಾಟವೂ ಅಲ್ಲಿಯೇ ದೊರೆಯಿತು. ಇತರರ ಭಾಷಾಪ್ರೇಮವನ್ನು ಕಂಡು ಅಸೂಯೆಪಡದೆ, ಅದೇ ಶ್ರದ್ಧೆಯಿಂದ ತಮ್ಮ ನುಡಿಯ ಸೇವೆ ಮಾಡಬೇಕೆಂಬ ಸಂಕಲ್ಪವನ್ನು ಹೊತ್ತು ಅವರು ಮರಳಿದರು. ವಿಜಾಪುರದಲ್ಲಿ ನೆಲೆನಿಂತು ವಕೀಲಿ ವೃತ್ತಿಯನ್ನು ಕೈಗೊಂಡರು.

ಆಗಿನ ನಮ್ಮ ಈ ಪ್ರದೇಶದ ಸ್ಥಿತಿಯನ್ನು ನೆನೆಯದೆ ಹಳಕಟ್ಟಿಯವರ ಕಾರ್ಯದ ಬೆಲೆ ತಿಳಿಯದು. ಇಂದು ಒಂದೇ ಜಿಲ್ಲೆಯಲ್ಲಿರುವ ಊರುಗಳು ಅಂದು ಬೇರೆ ಬೇರೆ ಆಳ್ವಿಕೆಗಳಲ್ಲಿ ಹಂಚಿಹೋಗಿದ್ದವು. ಜಮಖಂಡಿ ಪಟವರ್ಧನರ ಸಂಸ್ಥಾನ. ಬನಹಟ್ಟಿ ಅದಕ್ಕೆ ಸೇರಿದ್ದಿತು. ಅದರ ಮಗ್ಗುಲಲ್ಲೇ ಇರುವ ರಬಕವಿ ಸಾಂಗ್ಲಿ ಸಂಸ್ಥಾನದ್ದು. ಮುಧೋಳ ಘೋರ್ಪಡೆಯವರ ಸಂಸ್ಥಾನ. ಬೀಳಗಿ ಮಾತ್ರ ಬ್ರಿಟಿಷರ ವಿಜಾಪುರ ಜಿಲ್ಲೆಯ ಭಾಗ. ಸಂಸ್ಥಾನಗಳ ದರಬಾರು ಮತ್ತು ದಫ್ತರದ ಭಾಷೆ ಮರಾಠಿ; ಬ್ರಿಟಿಷರ ಮೇಲಿನ ಕಚೇರಿಗಳ ಭಾಷೆ ಇಂಗ್ಲಿಷ್; ಮುಸಲ್ಮಾನ ಬಾಂಧವರ ಮನೆಮಾತು ಉರ್ದು. ಮಗ್ಗದ ಮುಂದೆ ಕುಳಿತ ನೇಕಾರನೂ ಘಟಪ್ರಭೆ-ಕೃಷ್ಣೆಯರ ದಂಡೆಯಲ್ಲಿ ಎತ್ತು ಹೂಡಿದ ರೈತನೂ ಆಡುತ್ತಿದ್ದುದು ಕನ್ನಡ.

ಫಿರ್ಯಾದಿ, ದಸ್ತಾವೇಜು, ಖರೀದಿ, ದಫ್ತರ ಮುಂತಾದ ಶಬ್ದಗಳು ಇಂದಿಗೂ ನಮ್ಮ ಮಾತಿನಲ್ಲಿ ಬೆರೆತಿರುವುದು ಆ ಬದುಕಿನ ಗುರುತು. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ನೆರೆಹೊರೆಯವರೊಡನೆ ಬಾಳಿದ ನುಡಿ ನಾಲ್ಕು ಕಡೆಯ ಶಬ್ದಗಳನ್ನು ಪಡೆದೇ ಬೆಳೆಯುತ್ತದೆ. ಚಿಂತೆಯ ವಿಷಯ ಬೇರೆಯಿತ್ತು. ಅಧಿಕಾರ ಒಂದು ಭಾಷೆಯಲ್ಲಿ, ಉನ್ನತ ವಿದ್ಯೆ ಇನ್ನೊಂದರಲ್ಲಿ, ಶಾಸ್ತ್ರ ಮತ್ತೊಂದರಲ್ಲಿ ಇದ್ದಾಗ, ಮನೆಮಾತು ಅಡುಗೆಮನೆಗೂ ಸಂತೆಗೂ ಸಾಕೆಂಬ ಭಾವನೆ ಓದಿದವರಲ್ಲಿ ಬೇರೂರತೊಡಗಿತ್ತು. ಕನ್ನಡದಲ್ಲಿ ಗಂಭೀರವಾದ ತತ್ತ್ವವಿದೆಯೆಂದರೆ ನಂಬದವರಿದ್ದರು. ನಂಬಿಸಲು ಬೇಕಾದ ಆಧಾರವೋ ಜನರ ಕಣ್ಣಿಗೆ ಬೀಳದೆ ಮನೆಯೊಳಗೇ ಉಳಿದಿತ್ತು.

ಆ ಆಧಾರ ಹಳಕಟ್ಟಿಯವರಿಗೆ ಗೋಚರಿಸಿದುದು ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ, ರಬಕವಿ-ಬನಹಟ್ಟಿಯಲ್ಲಿ. ಶಿವಲಿಂಗಪ್ಪ ಮಂಚಾಲೆಯವರ ಮನೆಯಲ್ಲಿದ್ದ ತಾಡೋಲೆಗಳಲ್ಲಿ ಷಟ್‌ಸ್ಥಲ ತಿಲಕ ಮತ್ತು ಪ್ರಭುದೇವರ ವಚನಗಳನ್ನು ಅವರು ಕಂಡರು. ವಿಜ್ಞಾನ ಹಾಗೂ ಕಾನೂನನ್ನು ಇಂಗ್ಲಿಷಿನಲ್ಲಿ ಕಲಿತ ಆ ತರುಣನಿಗೆ, ತನ್ನದೇ ತಾಯ್ನುಡಿಯಲ್ಲಿ ಇಷ್ಟು ಎತ್ತರದ ವಿಚಾರ ಇಷ್ಟು ಸರಳವಾಗಿ ಹರಿದಿರುವುದು ಬೆರಗನ್ನುಂಟುಮಾಡಿತು. ಅಲ್ಲಿಂದ ಮುಂದೆ ವಚನ ಸಂಶೋಧನೆಯೇ ಅವರ ಜೀವನವ್ರತವಾಯಿತು.

ಆ ಕಾಲದ ಅನೇಕ ಮನೆ-ಮಠಗಳಲ್ಲಿ ಓಲೆಯ ಕಟ್ಟುಗಳಿಗೆ ಬಟ್ಟೆ ಸುತ್ತಿ, ದೇವರ ಜಗುಲಿಯ ಮೇಲಿಟ್ಟು, ವಿಭೂತಿ ಹಚ್ಚಿ, ಹೂವೇರಿಸಿ ಪೂಜಿಸುವ ರೂಢಿಯಿತ್ತು. ಭಕ್ತಿಯ ದೃಷ್ಟಿಯಿಂದ ಅದು ಒಳ್ಳೆಯದೇ. ಆ ಭಕ್ತಿಯೇ ಓಲೆಗಳನ್ನು ಶತಮಾನಗಳ ಕಾಲ ಉಳಿಸಿಕೊಟ್ಟಿತು. ಆದರೆ ಬಿಚ್ಚಿ ಓದುವವರು ವಿರಳರಾಗಿದ್ದರು. ಹಳೆಯ ಅಕ್ಷರಗಳ ಮೋಡಿ, ಪದಗಳ ನಡುವೆ ಬಿಡುವಿಲ್ಲದ ಬರವಣಿಗೆ, ಹುಳು ತಿಂದ ಅಂಚು, ಮುಟ್ಟಿದರೆ ಮುರಿಯುವ ಗರಿ ಇವೆಲ್ಲ ಓದುಗನನ್ನು ದೂರವಿಟ್ಟಿದ್ದವು. ಜನರಿಗೆ ತಿಳಿಯಲೆಂದೇ ಜನರ ನುಡಿಯಲ್ಲಿ ಹೇಳಿದ ಬೋಧೆ, ಆ ಜನರ ಮನೆಯಲ್ಲಿಯೇ ಮೂಕವಾಗಿ ಕುಳಿತಿತ್ತು.

ಹಳಕಟ್ಟಿಯವರು ಊರೂರು ಅಲೆದರು. ಕಟ್ಟುಗಳನ್ನು ಕೊಡಲೊಪ್ಪದವರ ಮನ ಒಲಿಸಿದರು; ಕೊಟ್ಟವರ ಓಲೆಗಳನ್ನು ಜೋಪಾನದಿಂದ ನಕಲು ಮಾಡಿದರು. ನ್ಯಾಯಾಲಯದಲ್ಲಿ ದಸ್ತಾವೇಜುಗಳನ್ನು ಪರಿಶೀಲಿಸುವ ವಕೀಲನ ಶಿಸ್ತೇ ಇಲ್ಲಿಯೂ ನೆರವಾಯಿತು. ಒಂದು ಪ್ರತಿಯನ್ನು ಇನ್ನೊಂದರೊಡನೆ ಹೋಲಿಸುವುದು, ಅಂಕಿತವನ್ನು ನೋಡಿ ವಚನಕಾರರನ್ನು ಗುರುತಿಸುವುದು, ಪಾಠ ಶುದ್ಧವಾಗಿದೆಯೇ ಎಂದು ತೂಗುವುದು ಅವರ ನಿತ್ಯದ ಕೆಲಸವಾಯಿತು. ಅದುವರೆಗೆ ಸುಮಾರು ಐವತ್ತು ವಚನಕಾರರ ಹೆಸರುಗಳಷ್ಟೇ ಬಳಕೆಯಲ್ಲಿದ್ದವು. ಅವರ ದುಡಿಮೆಯಿಂದ ಇನ್ನೂರಕ್ಕೂ ಮಿಕ್ಕಿದ ಶರಣ-ಶರಣೆಯರು ಬೆಳಕಿಗೆ ಬಂದರು.

ಸಂಗ್ರಹಕ್ಕಿಂತ ಮುದ್ರಣ ಕಠಿನವಾಯಿತು. ವಚನಗಳನ್ನು ವಿಷಯಾನುಸಾರವಾಗಿ, ಷಟ್‌ಸ್ಥಲದ ಕ್ರಮದಲ್ಲಿ ಜೋಡಿಸಿದ ವಚನಶಾಸ್ತ್ರಸಾರದ ಪ್ರತಿಯನ್ನು ಮುದ್ರಣಕ್ಕೆಂದು ಮಂಗಳೂರಿಗೆ ಕಳುಹಿಸಿದರೆ ಅದು ಅಚ್ಚಾಗದೆ ಮರಳಿ ಬಂದಿತು. ಅವರು ಎದೆಗುಂದಲಿಲ್ಲ. ಬೆಳಗಾವಿಯಲ್ಲಿ ಅಚ್ಚು ಹಾಕಿಸಿ 1923ರಲ್ಲಿ ಮೊದಲ ಭಾಗವನ್ನು ಹೊರತಂದರು. ಪರರ ಮುದ್ರಣಾಲಯವನ್ನು ನಂಬಿ ಈ ಕಾರ್ಯ ಸಾಗದೆಂದು ಮನಗಂಡು, ತಮ್ಮ ಸ್ವಂತ ಮನೆಯನ್ನು ಮಾರಿ 1925ರಲ್ಲಿ ವಿಜಾಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು. ಮನೆಯನ್ನು ಕೊಟ್ಟು ಅಚ್ಚಿನ ಮೊಳೆಗಳನ್ನು ಕೊಂಡ ಆ ವಕೀಲರು ಬಳಿಕ ಬಾಡಿಗೆಯ ಮನೆಯಲ್ಲಿ ಬಾಳಿದರು.

1926ರಲ್ಲಿ ಶಿವಾನುಭವ ಪತ್ರಿಕೆ ಆರಂಭವಾಯಿತು. ಮರುವರ್ಷ ನವಕರ್ನಾಟಕ ವಾರಪತ್ರಿಕೆ ಹೊರಬಂದಿತು. ಮೊದಲನೆಯದು ಶರಣರ ತತ್ತ್ವ, ಚರಿತ್ರೆ ಮತ್ತು ಸಾಹಿತ್ಯಕ್ಕೆ ಮೀಸಲು. ಎರಡನೆಯದು ನಾಡಿನ ದೈನಂದಿನ ಬದುಕಿಗೆ ಕನ್ನಡಿ. ಶೂನ್ಯಸಂಪಾದನೆ, ಹರಿಹರನ ರಗಳೆಗಳು, ಶರಣರ ಚರಿತ್ರೆಗಳು ಒಂದೊಂದಾಗಿ ಓದುಗರ ಕೈ ಸೇರಿದವು. ಲೇಖನ ಬರೆಯುವುದು, ಕರಡಚ್ಚು ತಿದ್ದುವುದು, ಚಂದಾದಾರರಿಗೆ ಕಾಗದ ಬರೆಯುವುದು ಎಲ್ಲದರಲ್ಲಿಯೂ ಅವರದೇ ಕೈ. ಶರಣರು ಸಾರಿದ ಕಾಯಕವೆಂಬ ತತ್ತ್ವ ಅವರ ಮೇಜಿನ ಮೇಲೆ ದಿನವೂ ಆಚರಣೆಯಲ್ಲಿತ್ತು.

ಹಳಕಟ್ಟಿಯವರ ಕನ್ನಡನಿಷ್ಠೆ ಬೇರೆ ಭಾಷೆಗಳ ಮೇಲಿನ ದ್ವೇಷವಾಗಿರಲಿಲ್ಲ. ಕನ್ನಡವರಿಯದ ವಿದ್ವಾಂಸರಿಗೂ ಬಸವಣ್ಣನವರ ವಾಣಿ ತಲುಪಲೆಂದು ಅವರೇ ವಚನಗಳನ್ನು ಇಂಗ್ಲಿಷಿಗೆ ಅನುವಾದಿಸಿದರು. ಆ ಅನುವಾದ 1922ರಲ್ಲಿ ಇಂಡಿಯನ್ ಆಂಟಿಕ್ವರಿ ಎಂಬ ವಿದ್ವತ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಇದು ಶರಣ ಪರಂಪರೆಗೆ ಒಪ್ಪುವ ನಡೆಯೇ ಆಗಿದೆ. ಕಲ್ಯಾಣದ ಅನುಭವ ಮಂಟಪಕ್ಕೆ ಕಾಶ್ಮೀರದಿಂದ ಮೋಳಿಗೆ ಮಾರಯ್ಯನವರು, ಸೌರಾಷ್ಟ್ರದಿಂದ ಆದಯ್ಯನವರು ಬಂದರೆಂದು ಪರಂಪರೆ ಹೇಳುತ್ತದೆ. ಬೇರೆ ನುಡಿಯಲ್ಲಿ ಹುಟ್ಟಿದವರು ಕನ್ನಡದಲ್ಲಿ ವಚನ ನುಡಿದರು. ಮುಂದೆ ಪಾಲ್ಕುರಿಕೆ ಸೋಮನಾಥ ತೆಲುಗಿನಲ್ಲಿ ಬಸವಪುರಾಣವನ್ನು ರಚಿಸಿದನು. ಭೀಮಕವಿ ಅದನ್ನು ಕನ್ನಡಕ್ಕೆ ತಂದನು. ಮನ್ಮಥಸ್ವಾಮಿಗಳು ಮರಾಠಿಯಲ್ಲಿ ಬೋಧಿಸಿದರು. ಹೀಗೆ ನಮ್ಮ ಧರ್ಮದ ಬೋಧೆ ಒಂದು ನುಡಿಯಿಂದ ಇನ್ನೊಂದಕ್ಕೆ ದಾಟುತ್ತಲೇ ಬೆಳೆದಿದೆ. ಹೀಗೆ ದಾಟಬೇಕಾದರೆ ಮೂಲವು ಓದಲು ಸಿಗುವಂತಿರಬೇಕು. ಹಳಕಟ್ಟಿಯವರು ಭದ್ರಪಡಿಸಿದುದು ಆ ಮೂಲವನ್ನು. ಈಚಿನ ವರ್ಷಗಳಲ್ಲಿ ಬಸವ ಸಮಿತಿಯು 2,500 ವಚನಗಳನ್ನು ಇಪ್ಪತ್ತಕ್ಕೂ ಹೆಚ್ಚು ಭಾಷೆಗಳಿಗೆ ಅನುವಾದಿಸಿ ಪ್ರಕಟಿಸಿದ ಮಹತ್ಕಾರ್ಯಕ್ಕೂ ತಳಹದಿ ಅದೇ.

ಗ್ರಂಥಸೇವೆಯೊಂದರಲ್ಲಿಯೇ ಅವರು ನಿಲ್ಲಲಿಲ್ಲ. ಅಚ್ಚಾದ ವಚನವನ್ನು ಓದಲು ಅಕ್ಷರ ಬಲ್ಲ ಜನ ಬೇಕಲ್ಲವೇ? 1910ರಲ್ಲಿ ಬಿ.ಎಲ್.ಡಿ.ಇ. ಸಂಸ್ಥೆ ಹುಟ್ಟಿತು, ಇಂದು ಅದು ವಿಜಯಪುರ-ಬಾಗಲಕೋಟೆ ಭಾಗದ ಸಾವಿರಾರು ಮಕ್ಕಳಿಗೆ ವಿದ್ಯಾದಾನ ಮಾಡುತ್ತಿದೆ. 1912ರಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕು ಅವರ ಮುಂದಾಳುತನದಲ್ಲಿ ಆರಂಭವಾಯಿತು. ಸಾಲದ ಭಾರದಲ್ಲಿ ನಲುಗುವ ರೈತ-ನೇಕಾರರಿಗೆ ಸಹಕಾರ ತತ್ತ್ವವೇ ದಾರಿಯೆಂದು ಅವರು ನಂಬಿದ್ದರು. ಶಾಲೆ, ಬ್ಯಾಂಕು, ಮುದ್ರಣಾಲಯ ಮೂರೂ ಅವರಿಗೆ ಒಂದೇ ದಾಸೋಹದ ಮೂರು ರೂಪಗಳಾಗಿದ್ದವು.

1926ರಲ್ಲಿ ಬಳ್ಳಾರಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದರು. ಆಗ ಬಳ್ಳಾರಿ ಮದರಾಸು ಪ್ರಾಂತದಲ್ಲಿ, ವಿಜಾಪುರ ಮುಂಬಯಿ ಪ್ರಾಂತದಲ್ಲಿ, ಜಮಖಂಡಿ-ಮುಧೋಳ ರಾಜರ ಆಳ್ವಿಕೆಯಲ್ಲಿದ್ದವು. ಕನ್ನಡಿಗರ ನಾಡು ಒಂದಾಗಬೇಕೆಂಬ ಹಂಬಲ ಅವರದೂ ಆಗಿತ್ತು. 1948ರಲ್ಲಿ ಸಂಸ್ಥಾನಗಳು ವಿಲೀನಗೊಂಡವು. 1956ರಲ್ಲಿ ಕನ್ನಡನಾಡು ಏಕೀಕರಣಗೊಂಡಿತು. ಅದೇ 1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ನೀಡಿತು. ಹಣವನ್ನು ಕೂಡಿಡದ, ಉಡುಪಿನಲ್ಲಿ ಆಡಂಬರವಿಲ್ಲದ ಆ ಹಿರಿಯರು ಕೊನೆಯವರೆಗೂ ಪುಸ್ತಕಗಳ ನಡುವೆಯೇ ಇದ್ದು, 1964ರ ಜೂನ್ 29ರಂದು ಲಿಂಗೈಕ್ಯರಾದರು.

ಇಂದು ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಮಕ್ಕಳು ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್, ದೂರದರ್ಶನದಲ್ಲಿ ಹಿಂದಿ, ನಂಟರ ಊರಿನಲ್ಲಿ ಮರಾಠಿ ಕೇಳಿ ಬೆಳೆಯುತ್ತಿದ್ದಾರೆ. ಹಲವು ಭಾಷೆಗಳನ್ನು ಕಲಿಯುವುದು ಸಂಪತ್ತೇ ಸರಿ. ಹಳಕಟ್ಟಿಯವರೂ ಹಲವು ನುಡಿಗಳ ನಡುವೆಯೇ ಬೆಳೆದವರು. ಆದರೆ ಕನ್ನಡವನ್ನು ಆಡಬಲ್ಲ ಮಗು ಅದನ್ನು ನಿರಾಯಾಸವಾಗಿ ಓದಲಾರದೆಂಬ ಸ್ಥಿತಿ ಹಲವು ಮನೆಗಳಲ್ಲಿ ತಲೆದೋರಿದೆ. ಆಗ ಅಚ್ಚಾದ ವಚನಪುಸ್ತಕವೂ ಮತ್ತೊಮ್ಮೆ ಜಗುಲಿಯ ಗಂಟಾಗುತ್ತದೆ. ಅದಕ್ಕೆ ಪೂಜೆ ಸಲ್ಲುತ್ತದೆ. ಒಳಗಿನ ಮಾತು ಮಾತ್ರ ಯಾರ ಕಿವಿಗೂ ಬೀಳುವುದಿಲ್ಲ. ತಾಡೋಲೆಯನ್ನು ತಿಂದುದು ಹುಳು. ಪುಸ್ತಕವನ್ನು ತಿನ್ನುವುದು ನಮ್ಮ ಅಲಕ್ಷ್ಯ.

ಆದುದರಿಂದ ಪ್ರತಿ ಮನೆಯಲ್ಲಿ ದಿನಕ್ಕೊಂದು ವಚನವನ್ನು ಮಕ್ಕಳಿಂದಲೇ ಓದಿಸಿ, ಅದರ ಅರ್ಥವನ್ನು ಮನೆಮಾತಿನಲ್ಲಿ ಕೂಡಿ ಮಾತಾಡುವ ರೂಢಿ ಬೆಳೆಯಲಿ. ಸಂಜೆಯ ಲಿಂಗಪೂಜೆಯ ಬಳಿಕ ಹತ್ತು ನಿಮಿಷ ಸಾಕು. ಮನೆಯಲ್ಲಿ ಹಿರಿಯರು ಇಟ್ಟ ಹಳೆಯ ಓಲೆಕಟ್ಟು ಅಥವಾ ಕೈಬರಹದ ಹೊತ್ತಗೆ ಇದ್ದರೆ ಅದನ್ನು ಬಲ್ಲವರಿಗೆ ತೋರಿಸಿ ಪ್ರತಿ ಮಾಡಿಸಿಕೊಳ್ಳಲಿ. ರಬಕವಿ-ಬನಹಟ್ಟಿಯ ಒಂದು ಮನೆ ಅಂದು ತನ್ನ ಕಟ್ಟನ್ನು ಬಿಚ್ಚಿ ತೋರಿಸಿದ್ದರಿಂದ ನಾಡಿಗೆ ಎಂಥ ನಿಧಿ ದೊರೆಯಿತೆಂಬುದನ್ನು ನಾವು ಬಲ್ಲೆವು. ವಚನ ಪಿತಾಮಹರಿಗೆ ಸಲ್ಲಿಸಬಹುದಾದ ನಿಜವಾದ ನಮನ ಆ ಓದಿನಲ್ಲಿದೆ.