ಆಚಾರ್ಯ ವಿ. ಕೃ. ಗೋಕಾಕ

ಹಾವೇರಿ ಜಿಲ್ಲೆಯ ಒಂದೊಂದು ಊರಿಗೂ ಒಂದೊಂದು ಹೆಸರುವಾಸಿಯಿದೆ. ಬ್ಯಾಡಗಿಯೆಂದರೆ ಕಡುಗೆಂಪು ಮೆಣಸಿನಕಾಯಿ ಕಣ್ಣಿಗೆ ಕಟ್ಟುತ್ತದೆ. ರಾಣೆಬೆನ್ನೂರೆಂದರೆ ಕೃಷ್ಣಮೃಗಗಳ ಅಭಯಾರಣ್ಯವೂ ಬಿತ್ತನೆ ಬೀಜದ ವ್ಯಾಪಾರವೂ ನೆನಪಿಗೆ ಬರುತ್ತವೆ. ಹಾವೇರಿಯ ಏಲಕ್ಕಿ ಮಾಲೆ ನಾಡಿನ ಸಭೆ ಸಮಾರಂಭಗಳನ್ನೆಲ್ಲ ಅಲಂಕರಿಸಿದೆ. ಸವಣೂರು ಎಂದೊಡನೆ ಮೊದಲು ನೆನಪಾಗುವುದು ವೀಳ್ಯದೆಲೆ. ಅನಂತರ ಅಲ್ಲಿಯ ಮಠದ ಆವರಣದಲ್ಲಿ ಶತಮಾನಗಳಿಂದ ಬೆಳೆದ ದೊಡ್ಡ ಹುಣಸೆಮರಗಳು. ಆ ಮರಗಳ ಮೂಲ ದೂರದ ಆಫ್ರಿಕ ಖಂಡ. ಅಲ್ಲಿಂದ ಬಂದ ಸಸಿಗಳು ಈ ಮಣ್ಣಿನಲ್ಲಿ ಬೇರೂರಿ ಇಲ್ಲಿಯವೇ ಆದವು. ಹೊರಗಿನ ವಿದ್ಯೆಯನ್ನು ಅರಗಿಸಿಕೊಂಡು ಅದನ್ನು ತನ್ನ ನೆಲಕ್ಕೆ ಸಲ್ಲಿಸಿದ ಒಬ್ಬ ಮಹನೀಯರು ಇದೇ ಸವಣೂರಿನಲ್ಲಿ ಜನಿಸಿದರು. ಅವರೇ ವಿನಾಯಕ ಕೃಷ್ಣ ಗೋಕಾಕರು.

ನಾಡಿನ ಜನ ಅವರನ್ನು ‘ವಿನಾಯಕ’ ಎಂಬ ಕಾವ್ಯನಾಮದಿಂದ ಕವಿಯೆಂದು ಅರಿತಿದ್ದಾರೆ. ಆದರೆ ಅವರ ಬಾಳಿನ ಬಹುಭಾಗ ಸಂದದ್ದು ವಿದ್ಯಾಸಂಸ್ಥೆಗಳ ಆಡಳಿತದಲ್ಲಿ. ಪ್ರಾಧ್ಯಾಪಕರಾಗಿ, ಪ್ರಾಚಾರ್ಯರಾಗಿ, ನಿರ್ದೇಶಕರಾಗಿ, ವಿಶ್ವವಿದ್ಯಾಲಯದ ಮುಖ್ಯಸ್ಥರಾಗಿ ಅವರು ಹೊತ್ತ ಹೊಣೆಗಳು ಅನೇಕ. ವಿದ್ಯಾಪೀಠದಲ್ಲಿ ಕುಳಿತವನ ಕರ್ತವ್ಯವೇನು ಎಂಬುದನ್ನು ತಿಳಿಯಬಯಸುವವರಿಗೆ ಅವರ ಜೀವನ ಒಳ್ಳೆಯ ಪಾಠವಾಗಿದೆ.

ಗೋಕಾಕರು ಹುಟ್ಟಿದ್ದು 1909ರ ಆಗಸ್ಟ್ 9ರಂದು. ಆಗ ಸವಣೂರು ನವಾಬರ ಆಳ್ವಿಕೆಗೊಳಪಟ್ಟ ಒಂದು ಚಿಕ್ಕ ಸಂಸ್ಥಾನ. 1948ರಲ್ಲಿ ಅದು ಮುಂಬಯಿ ಪ್ರಾಂತದಲ್ಲಿ ವಿಲೀನವಾಗಿ ಧಾರವಾಡ ಜಿಲ್ಲೆಗೆ ಸೇರಿತು. 1997ರಲ್ಲಿ ಹಾವೇರಿ ಜಿಲ್ಲೆ ರಚನೆಯಾದಾಗ ಅದರ ಒಂದು ತಾಲ್ಲೂಕಾಯಿತು. ಬಾಲಕ ವಿನಾಯಕನ ಶಿಕ್ಷಣ ಊರಿನ ಮಜೀದ್ ಹೈಸ್ಕೂಲಿನಲ್ಲಿ ನಡೆಯಿತು. ಹಲವು ಭಾಷೆಗಳೂ ಹಲವು ಮತಗಳೂ ಒಂದೇ ಬೀದಿಯಲ್ಲಿ ಕೂಡಿ ಬಾಳುತ್ತಿದ್ದ ಆ ಊರಿನ ವಾತಾವರಣ ಅವರ ಬಾಲ್ಯದ ಮೊದಲ ಪಾಠಶಾಲೆಯಾಗಿತ್ತು.

ಆ ಕಾಲದಲ್ಲಿ ಸವಣೂರು, ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳ ಹುಡುಗರಿಗೆ ಹೈಸ್ಕೂಲಿನ ಆಚೆಗೆ ಓದುವ ಆಸೆಯಿದ್ದರೆ ರೈಲು ಹತ್ತಿ ಧಾರವಾಡಕ್ಕೆ ಹೋಗಬೇಕಾಗಿತ್ತು. ಅಲ್ಲಿ 1917ರಲ್ಲಿ ಕರ್ನಾಟಕ ಕಾಲೇಜು ಆರಂಭವಾಗಿತ್ತು. ಅದಕ್ಕಿಂತ ಮೊದಲು ಈ ಭಾಗದ ವಿದ್ಯಾರ್ಥಿಗಳಿಗೆ ಪುಣೆ, ಮುಂಬಯಿಗಳೇ ಗತಿಯಾಗಿದ್ದವು. ರೊದ್ದ ಶ್ರೀನಿವಾಸರಾಯರು, ಅರಟಾಳ ರುದ್ರಗೌಡರು ಮೊದಲಾದ ಹಿರಿಯರು ಜನರಿಂದ ಹಣ ಕೂಡಿಸಿ ಆ ಕಾಲೇಜಿಗಾಗಿ ದುಡಿದರು. ಒಂದು ಕಾಲೇಜು ಎಷ್ಟು ಜನರ ಬೆವರಿನಿಂದ ಮೇಲೇಳುತ್ತದೆ ಎಂಬುದಕ್ಕೆ ಧಾರವಾಡದ ಆ ಕಟ್ಟಡವೇ ಸಾಕ್ಷಿಯಾಗಿ ನಿಂತಿತ್ತು. ಅಂಥ ಕಾಲೇಜಿನ ವಿದ್ಯಾರ್ಥಿಯಾಗಿ ಗೋಕಾಕರು ಅಲ್ಲಿಗೆ ಬಂದರು.

ಧಾರವಾಡದಲ್ಲಿ ಅವರಿಗೆ ಎರಡು ಬಗೆಯ ವಿದ್ಯೆ ದೊರೆಯಿತು. ತರಗತಿಯಲ್ಲಿ ಇಂಗ್ಲಿಷ್ ಸಾಹಿತ್ಯದ ಅಭ್ಯಾಸ. ತರಗತಿಯ ಹೊರಗೆ ವರಕವಿ ದ. ರಾ. ಬೇಂದ್ರೆಯವರ ಸಹವಾಸ. ಬೇಂದ್ರೆಯವರ ಸುತ್ತ ನೆರೆದಿದ್ದ ಗೆಳೆಯರ ಗುಂಪಿನಲ್ಲಿ ಗೋಕಾಕರೂ ಒಬ್ಬರಾದರು. ಇಂಗ್ಲಿಷನ್ನು ಎಷ್ಟು ಆಳವಾಗಿ ಓದಿದರೂ ಬರೆಯಬೇಕಾದದ್ದು ಕನ್ನಡದಲ್ಲಿ ಎಂಬ ನಿಶ್ಚಯ ಅವರಲ್ಲಿ ಮೂಡಿದ್ದು ಈ ಸಹವಾಸದಿಂದಲೇ.

ಎಂ. ಎ. ಪದವಿಯ ಬಳಿಕ 1931ರಲ್ಲಿ ಅವರು ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಇಂಗ್ಲಿಷ್ ಅಧ್ಯಾಪಕರಾದರು. ಆ ಕಾಲೇಜನ್ನು ನಡೆಸುತ್ತಿದ್ದದ್ದು ಡೆಕ್ಕನ್ ಎಜುಕೇಶನ್ ಸೊಸೈಟಿ. ಅದು ಅವರ ಪ್ರತಿಭೆಯನ್ನು ಗುರುತಿಸಿ 1936ರಲ್ಲಿ ಅವರನ್ನು ಉಚ್ಚ ವ್ಯಾಸಂಗಕ್ಕಾಗಿ ಇಂಗ್ಲೆಂಡಿಗೆ ಕಳುಹಿಸಿತು. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಸಾಹಿತ್ಯವನ್ನು ಅಭ್ಯಸಿಸಿ ಪ್ರಥಮ ದರ್ಜೆಯಲ್ಲಿ ಉತ್ತೀರ್ಣರಾಗಿ 1938ರಲ್ಲಿ ಅವರು ತಾಯ್ನಾಡಿಗೆ ಮರಳಿದರು. ಆ ಕಡಲಯಾನದಿಂದ ಕನ್ನಡಕ್ಕೆ ‘ಸಮುದ್ರ ಗೀತೆಗಳು’ ಎಂಬ ಕವನಸಂಗ್ರಹವೂ ‘ಸಮುದ್ರದಾಚೆಯಿಂದ’ ಎಂಬ ಪ್ರವಾಸಕಥನವೂ ಲಭಿಸಿದವು. ವಿದೇಶದಿಂದ ಪದವಿಯನ್ನು ತಂದವರು ಹಲವರು. ಅದರೊಡನೆ ತಮ್ಮ ಭಾಷೆಗೆ ಕಾಣಿಕೆಯನ್ನೂ ತಂದವರು ಕೆಲವರು. ಗೋಕಾಕರು ಆ ಕೆಲವರ ಸಾಲಿನವರು.

ಮರಳಿ ಬಂದೊಡನೆ ಅವರ ಹೆಗಲಿಗೆ ಆಡಳಿತದ ಹೊಣೆ ಬಿದ್ದಿತು. ಸಾಂಗಲಿಯ ವಿಲಿಂಗ್ಡನ್ ಕಾಲೇಜಿನ ಪ್ರಾಚಾರ್ಯರಾದಾಗ ಅವರಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ಮುಂದೆ ಗುಜರಾತಿನ ವೀಸನಗರ, ಕೊಲ್ಹಾಪುರದ ರಾಜಾರಾಮ ಕಾಲೇಜು, ಹೀಗೆ ಒಂದಾದ ಮೇಲೊಂದು ಸಂಸ್ಥೆಯನ್ನು ಅವರು ನಡೆಸಿದರು. ಮರಾಠಿ ಮಾತನಾಡುವ ಊರು, ಗುಜರಾತಿ ಮಾತನಾಡುವ ಊರು ಎಂದು ಅವರು ಹಿಂದೆ ಸರಿಯಲಿಲ್ಲ. ಕನ್ನಡದ ಕವಿಯೊಬ್ಬರು ಕನ್ನಡೇತರ ನೆಲದ ವಿದ್ಯಾರ್ಥಿಗಳಿಗೆ ಹಿರಿಯರಾಗಿ ನಿಂತದ್ದು ಸಾಮಾನ್ಯ ಸಂಗತಿಯಲ್ಲ.

ಪ್ರಾಚಾರ್ಯನ ಕೆಲಸ ಹೊರಗಿನವರಿಗೆ ಸುಲಭವಾಗಿ ಕಾಣುತ್ತದೆ. ಆದರೆ ಪಾಠದ ವೇಳಾಪಟ್ಟಿಯಿಂದ ಹಿಡಿದು ವಸತಿಗೃಹದ ಊಟದವರೆಗೆ, ಗ್ರಂಥಾಲಯದ ಪುಸ್ತಕದಿಂದ ಹಿಡಿದು ಅಧ್ಯಾಪಕರ ಮನಸ್ತಾಪದವರೆಗೆ ಎಲ್ಲವೂ ಅವನ ಬಾಗಿಲಿಗೇ ಬರುತ್ತವೆ. ಎಲ್ಲರಿಗೂ ಹಿತವಾಗುವ ನಿರ್ಣಯಗಳು ವಿರಳ. ನ್ಯಾಯವೆಂದು ತೋರಿದ್ದನ್ನು ಮಾಡಿ, ಅದರಿಂದ ಬರುವ ಅಸಮಾಧಾನವನ್ನು ತಾಳಿಕೊಳ್ಳುವುದೇ ಆ ಪದವಿಯ ತಪಸ್ಸು. ಕವಿಮನಸ್ಸಿಗೆ ಇದು ಇನ್ನಷ್ಟು ಕಠಿನವಾದುದು. ಬರೆಯಬೇಕಾದ ಹೊತ್ತನ್ನು ಕಡತಗಳು ಕಬಳಿಸುತ್ತವೆ. ಆದರೂ ಗೋಕಾಕರು ಒಂದಕ್ಕಾಗಿ ಇನ್ನೊಂದನ್ನು ಕೈಬಿಡಲಿಲ್ಲ. ಕನ್ನಡ ಕಾವ್ಯಕ್ಕೆ ‘ನವ್ಯ’ವೆಂಬ ಹೊಸ ದಾರಿಯನ್ನು ತೋರಿದ ಅವರ ಕವಿತೆಗಳೂ ‘ಸಮರಸವೇ ಜೀವನ’ ಎಂಬ ಬೃಹತ್ ಕಾದಂಬರಿಯೂ ರೂಪುಗೊಂಡದ್ದು ಈ ದುಡಿಮೆಯ ವರ್ಷಗಳಲ್ಲಿಯೇ.

1952ರಲ್ಲಿ ಅವರು ತಾವು ಓದಿದ ಕರ್ನಾಟಕ ಕಾಲೇಜಿಗೇ ಪ್ರಾಚಾರ್ಯರಾಗಿ ಬಂದರು. ವಿದ್ಯಾರ್ಥಿಯಾಗಿ ಕುಳಿತ ಕಾಲೇಜಿಗೆ ಮುಖ್ಯಸ್ಥರಾಗಿ ಮರಳುವ ಭಾಗ್ಯ ಎಲ್ಲರಿಗೂ ಒದಗುವುದಿಲ್ಲ. ಆಗ ಕರ್ನಾಟಕ ವಿಶ್ವವಿದ್ಯಾಲಯ ಇನ್ನೂ ಎಳೆಯ ಕೂಸು. 1949ರಲ್ಲಿ ಸ್ಥಾಪಿತವಾದ ಅದು 1954ರಿಂದ 1967ರವರೆಗೆ ಡಿ. ಸಿ. ಪಾವಟೆಯವರ ಆಡಳಿತದಲ್ಲಿ ಬಲಗೊಂಡಿತು. ಆ ನಡುವೆ 1956ರ ನವೆಂಬರ್ 1ರಂದು ಹರಿದು ಹಂಚಿಹೋಗಿದ್ದ ಕನ್ನಡ ನಾಡು ಒಂದಾಯಿತು. ಮುಂಬಯಿ ರಾಜ್ಯದಲ್ಲಿದ್ದ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳೂ ಏಕೀಕೃತ ಮೈಸೂರು ರಾಜ್ಯಕ್ಕೆ ಸೇರಿದವು. ಒಕ್ಕಲಿಗರ, ವ್ಯಾಪಾರಿಗಳ, ನೇಕಾರರ ಮಕ್ಕಳು ಮೊದಲ ಸಲ ಕಾಲೇಜಿನ ಮೆಟ್ಟಿಲು ಹತ್ತತೊಡಗಿದ ಕಾಲವದು. ಅಂಥವರನ್ನು ಬರಮಾಡಿಕೊಳ್ಳುವ ಬಾಗಿಲಿನಲ್ಲಿ ಗೋಕಾಕರು 1959ರವರೆಗೆ ನಿಂತಿದ್ದರು. 1958ರಲ್ಲಿ ಬಳ್ಳಾರಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆಯೂ ಅವರಿಗೆ ಒಲಿಯಿತು.

ಅಲ್ಲಿಂದ ಅವರು ಹೈದರಾಬಾದಿನ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯ ನಿರ್ದೇಶಕರಾಗಿ ತೆರಳಿದರು. ದೇಶದ ನಾನಾ ಕಡೆಯ ಅಧ್ಯಾಪಕರಿಗೆ ಇಂಗ್ಲಿಷನ್ನು ಕಲಿಸುವ ಕ್ರಮದಲ್ಲಿ ತರಬೇತಿ ನೀಡುವುದು ಆ ಸಂಸ್ಥೆಯ ಉದ್ದೇಶವಾಗಿತ್ತು. ಅದೇ ಮುಂದೆ ಬೆಳೆದು 2007ರಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯವಾಯಿತು. ಭಾರತದ ಮಕ್ಕಳಿಗೆ ಇಂಗ್ಲಿಷ್ ಒಂದು ಹೊರೆಯಾಗದೆ ಕೈಗೊದಗುವ ಸಾಧನವಾಗಬೇಕೆಂಬ ಪ್ರಯತ್ನದಲ್ಲಿ ಗೋಕಾಕರು ವರ್ಷಗಟ್ಟಲೆ ದುಡಿದರು. ಹೈದರಾಬಾದಿನಲ್ಲಿದ್ದಾಗಲೇ ‘ದ್ಯಾವಾ ಪೃಥಿವೀ’ ಕೃತಿಗಾಗಿ 1960ರ ಕೇಂದ್ರ ಸಾಹಿತ್ಯ ಅಕಾದೆಮಿಯ ಪ್ರಶಸ್ತಿಯೂ 1961ರಲ್ಲಿ ಪದ್ಮಶ್ರೀ ಗೌರವವೂ ಅವರಿಗೆ ಸಂದವು.

1966ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಅವರನ್ನು ಕರೆಯಿತು. ಇಂದು ಕುಲಪತಿ ಎನ್ನುವ ಪದವಿಯನ್ನು ಆಗ ಉಪಕುಲಪತಿ ಎನ್ನುತ್ತಿದ್ದರು. ರಾಜ್ಯಪಾಲರು ವಿಶ್ವವಿದ್ಯಾಲಯದ ಅತ್ಯುನ್ನತ ಸ್ಥಾನದಲ್ಲಿದ್ದರೂ ನಿತ್ಯದ ಆಡಳಿತವೆಲ್ಲ ಉಪಕುಲಪತಿಗಳ ಕೈಯಲ್ಲಿಯೇ. ಹಣಕಾಸಿನ ಮತ್ತು ನೇಮಕದ ವಿಷಯಗಳನ್ನು ಸಿಂಡಿಕೇಟ್ ಸಭೆ ನಿರ್ಣಯಿಸುತ್ತದೆ. ಪಠ್ಯಕ್ರಮ ಮತ್ತು ಪರೀಕ್ಷೆಗಳ ಗುಣಮಟ್ಟವನ್ನು ವಿದ್ಯಾವಿಷಯಕ ಪರಿಷತ್ತು ನೋಡಿಕೊಳ್ಳುತ್ತದೆ. ಇವುಗಳ ಮುಂದಾಳಾಗಿ, ಸರಕಾರಕ್ಕೂ ಅಧ್ಯಾಪಕರಿಗೂ ನಡುವೆ, ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ನಡುವೆ ಸೇತುವೆಯಾಗಿ ನಿಲ್ಲಬೇಕಾದವರು ಉಪಕುಲಪತಿಗಳು. ಪರೀಕ್ಷೆಯ ಒಂದು ಫಲಿತಾಂಶ ತಡವಾದರೆ ಸಾವಿರಾರು ಮನೆಗಳಲ್ಲಿ ಕಳವಳವುಂಟಾಗುತ್ತದೆ; ಒಂದು ನೇಮಕ ತಪ್ಪಾದರೆ ಮೂವತ್ತು ವರ್ಷಗಳ ವಿದ್ಯಾರ್ಥಿಗಳು ಅದರ ಫಲವನ್ನು ಅನುಭವಿಸುತ್ತಾರೆ.

ಬೆಂಗಳೂರು ವಿಶ್ವವಿದ್ಯಾಲಯದ ಪರಿಸ್ಥಿತಿ ಇನ್ನೂ ವಿಶಿಷ್ಟವಾಗಿತ್ತು. ಮೈಸೂರು ವಿಶ್ವವಿದ್ಯಾಲಯದಿಂದ ಬೇರ್ಪಟ್ಟು ಅದು ಆರಂಭವಾದದ್ದು 1964ರಲ್ಲಿ. 1858ರಷ್ಟು ಹಿಂದೆಯೇ ಬೇರು ಬಿಟ್ಟ ಸೆಂಟ್ರಲ್ ಕಾಲೇಜು, 1917ರ ಎಂಜಿನಿಯರಿಂಗ್ ಕಾಲೇಜು ಇವುಗಳು ಅದರ ಆಧಾರಸ್ತಂಭಗಳು. ಕಾಲೇಜುಗಳು ಹಳೆಯವು, ವಿಶ್ವವಿದ್ಯಾಲಯ ಹೊಸದು. ಹಳೆಯದರ ಗೌರವ ಕೆಡದಂತೆ ಹೊಸದಕ್ಕೆ ರೂಪು ಕೊಡಬೇಕಾದ ಸೂಕ್ಷ್ಮ ಕಾರ್ಯವನ್ನು ಗೋಕಾಕರು ವಹಿಸಿಕೊಂಡರು. ಅನಂತರ ಸಿಮ್ಲಾದ ಭಾರತೀಯ ಉನ್ನತ ಅಧ್ಯಯನ ಸಂಸ್ಥೆಯ ನಿರ್ದೇಶಕರಾದರು. ಹಿಂದೆ ಬ್ರಿಟಿಷ್ ವೈಸರಾಯರ ಬೇಸಗೆಯ ನಿವಾಸವಾಗಿದ್ದ ಭವನದಲ್ಲಿ ಆ ಸಂಸ್ಥೆ ಇದೆ. ಅಧಿಕಾರದ ಅರಮನೆ ವಿದ್ಯೆಯ ಮನೆಯಾದ ಆ ತಾಣದಲ್ಲಿ ಸವಣೂರಿನ ವಿದ್ವಾಂಸರು ಮುಖ್ಯಸ್ಥರಾಗಿ ಕುಳಿತದ್ದು ಈ ನಾಡಿಗೆ ಹೆಮ್ಮೆಯ ವಿಷಯ.

ಆದರೆ ಅವರ ನಿಜವಾದ ಪರೀಕ್ಷೆ ಇನ್ನೂ ಮುಂದಿತ್ತು. ಆ ಕಾಲದಲ್ಲಿ ಕರ್ನಾಟಕದ ಹೈಸ್ಕೂಲುಗಳಲ್ಲಿ ಪ್ರಥಮ ಭಾಷೆಯಾಗಿ ಕನ್ನಡದ ಬದಲು ಸಂಸ್ಕೃತವನ್ನೋ ಬೇರೊಂದು ಭಾಷೆಯನ್ನೋ ಆರಿಸಿಕೊಳ್ಳುವ ಅವಕಾಶವಿತ್ತು. ಹೆಚ್ಚು ಅಂಕಗಳು ಬರುತ್ತವೆಂಬ ಆಸೆಯಿಂದ ಅನೇಕರು ಸಂಸ್ಕೃತವನ್ನು ಆಯ್ದುಕೊಳ್ಳುತ್ತಿದ್ದರು. ಹೀಗಾಗಿ ಕನ್ನಡ ನಾಡಿನಲ್ಲಿಯೇ ಕನ್ನಡವನ್ನು ಓದದೆ ಹೈಸ್ಕೂಲು ಮುಗಿಸುವುದು ಸಾಧ್ಯವಾಗಿತ್ತು. ಈ ಕುರಿತು ವಾದವಿವಾದಗಳೆದ್ದಾಗ ರಾಜ್ಯ ಸರಕಾರ 1980ರಲ್ಲಿ ಗೋಕಾಕರ ಅಧ್ಯಕ್ಷತೆಯಲ್ಲಿ ಒಂದು ಸಮಿತಿಯನ್ನು ನೇಮಿಸಿತು.

ಗೋಕಾಕರ ಸ್ಥಿತಿಯನ್ನು ಊಹಿಸಿ ನೋಡಬೇಕು. ಅವರಿಗೆ ಅನ್ನವನ್ನೂ ಕೀರ್ತಿಯನ್ನೂ ಕೊಟ್ಟ ಭಾಷೆ ಇಂಗ್ಲಿಷ್. ಅವರ ಕಾವ್ಯದ ಚಿಂತನೆಗೆ ನೀರೆರೆದ ಭಾಷೆ ಸಂಸ್ಕೃತ. ಅವರ ಹೃದಯದ ಭಾಷೆ ಕನ್ನಡ. ಮೂರಕ್ಕೂ ಋಣಿಯಾದವರು ಮೂರರ ನಡುವೆ ತೀರ್ಪು ಹೇಳಬೇಕಾಗಿತ್ತು. ಒಂದು ಕಡೆ ಸಂಸ್ಕೃತದ ಅಭಿಮಾನಿಗಳು, ಇನ್ನೊಂದು ಕಡೆ ತಮ್ಮ ಮಾತೃಭಾಷೆಯ ಬಗ್ಗೆ ಆತಂಕಗೊಂಡ ಭಾಷಾ ಅಲ್ಪಸಂಖ್ಯಾತರು, ಮತ್ತೊಂದು ಕಡೆ ಕನ್ನಡದ ಅಭಿಮಾನಿಗಳು. ಯಾರನ್ನೂ ನೋಯಿಸದ ಮಾತನ್ನಾಡಿ ಜಾರಿಕೊಳ್ಳುವುದು ಕಷ್ಟವಾಗಿರಲಿಲ್ಲ. ಸಮಿತಿಗಳ ವರದಿಗಳು ಹಲವು ಸಲ ಹಾಗೆಯೇ ಮುಗಿಯುತ್ತವೆ.

ಗೋಕಾಕರು ಜಾರಿಕೊಳ್ಳಲಿಲ್ಲ. 1981ರ ಜನವರಿಯಲ್ಲಿ ಸಲ್ಲಿಸಿದ ವರದಿಯಲ್ಲಿ ಸಮಿತಿಯು ಹೈಸ್ಕೂಲಿನಲ್ಲಿ ಕನ್ನಡವೊಂದೇ ಪ್ರಥಮ ಭಾಷೆಯಾಗಿರಬೇಕು, ಅದಕ್ಕೆ 150 ಅಂಕಗಳಿರಬೇಕು ಎಂದು ಶಿಫಾರಸು ಮಾಡಿತು. ಸಂಸ್ಕೃತವನ್ನಾಗಲಿ ಇಂಗ್ಲಿಷನ್ನಾಗಲಿ ಅದು ಶಾಲೆಯಿಂದ ಹೊರಗೆ ಹಾಕಲಿಲ್ಲ. ಅವುಗಳಿಗೆ ಕನ್ನಡದ ಅನಂತರದ ಸ್ಥಾನವನ್ನು ನೀಡಿತು. ಮನೆಗೆ ಬಂದ ಅತಿಥಿಗಳಿಗೆ ಆದರವಿರಬೇಕು, ಆದರೆ ಮನೆಯೊಡತಿ ಹೊಸ್ತಿಲಾಚೆ ನಿಲ್ಲಬಾರದು ಎಂಬುದೇ ಆ ವರದಿಯ ತಿರುಳು.

ವರದಿಯ ಜಾರಿ ವಿಳಂಬವಾದಾಗ 1982ರಲ್ಲಿ ನಾಡಿನಲ್ಲೆಲ್ಲ ಚಳವಳಿ ಎದ್ದಿತು. ಸಾಹಿತಿಗಳು, ವಿದ್ಯಾರ್ಥಿಗಳು, ಜನಸಾಮಾನ್ಯರು ಬೀದಿಗಿಳಿದರು. ನಟ ರಾಜಕುಮಾರರು ಅದರ ಮುಂದಾಳಾದ ಬಳಿಕ ಚಳವಳಿ ಹಳ್ಳಿಹಳ್ಳಿಗೂ ಹರಡಿತು. ಕೊನೆಗೆ ಸರಕಾರ ಮಣಿದು ಕನ್ನಡಕ್ಕೆ ಪ್ರಥಮ ಸ್ಥಾನ ನೀಡುವ ಆದೇಶ ಹೊರಡಿಸಿತು. ಮುಂದೆ ಆ ಆದೇಶ ನ್ಯಾಯಾಲಯಗಳ ಪರಿಶೀಲನೆಗೂ ಒಳಗಾಯಿತು; ಭಾಷಾ ನೀತಿಯ ಚರ್ಚೆ ಅನಂತರವೂ ನಿಲ್ಲಲಿಲ್ಲ. ಆದರೆ ಕರ್ನಾಟಕದ ಶಾಲೆಯಲ್ಲಿ ಕನ್ನಡದ ಸ್ಥಾನವೇನು ಎಂಬ ಪ್ರಶ್ನೆಯನ್ನು ಅಂದಿನಿಂದ ಯಾರೂ ಕಡೆಗಣಿಸುವಂತಿಲ್ಲ. ಗೋಕಾಕರು ಆ ಚಳವಳಿಯನ್ನು ಮುನ್ನಡೆಸಿದವರಲ್ಲ. ಆದರೂ ಅದು ಇತಿಹಾಸದಲ್ಲಿ ಗೋಕಾಕ್ ಚಳವಳಿಯೆಂದೇ ಹೆಸರಾಯಿತು. ಯೋಚಿಸಿ ಬರೆದ ಒಂದು ವರದಿಗೆ ಎಂಥ ಶಕ್ತಿಯಿರುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

1981ರಲ್ಲಿ ಪುಟ್ಟಪರ್ತಿಯಲ್ಲಿ ಆರಂಭವಾದ ಶ್ರೀ ಸತ್ಯಸಾಯಿ ಉನ್ನತ ಶಿಕ್ಷಣ ಸಂಸ್ಥೆಗೆ ಅವರು ಮೊದಲ ಕುಲಪತಿಗಳಾದರು. 1983ರಿಂದ ಕೇಂದ್ರ ಸಾಹಿತ್ಯ ಅಕಾದೆಮಿಯ ಅಧ್ಯಕ್ಷರಾಗಿ ಭಾರತದ ಎಲ್ಲ ಭಾಷೆಗಳ ಸಾಹಿತ್ಯಕ್ಕೆ ಸೇವೆ ಸಲ್ಲಿಸಿದರು. ಇಷ್ಟೆಲ್ಲ ಹೊಣೆಗಳ ನಡುವೆ ವಿಶ್ವಾಮಿತ್ರನನ್ನು ನಾಯಕನನ್ನಾಗಿಸಿ ಸುಮಾರು 35,000 ಸಾಲುಗಳ ‘ಭಾರತ ಸಿಂಧು ರಶ್ಮಿ’ ಎಂಬ ಮಹಾಕಾವ್ಯವನ್ನು ರಚಿಸಿದರು. 1990ರ ಜ್ಞಾನಪೀಠ ಪ್ರಶಸ್ತಿ ಅವರಿಗೆ ದೊರೆತಾಗ ಸವಣೂರಿನ ಹೆಸರು ದೇಶದ ಉದ್ದಗಲಕ್ಕೂ ಕೇಳಿಸಿತು. 1992ರ ಏಪ್ರಿಲ್ 28ರಂದು ಮುಂಬಯಿಯಲ್ಲಿ ಅವರು ನಿಧನರಾದರು.

ಪದವಿಗಳು ಬರುತ್ತವೆ, ಹೋಗುತ್ತವೆ. ಗೋಕಾಕರು ಕುಳಿತ ಪೀಠಗಳಲ್ಲಿ ಅವರ ಅನಂತರ ಅನೇಕರು ಕುಳಿತಿದ್ದಾರೆ. ಪೀಠವನ್ನು ತನ್ನ ಸ್ವತ್ತೆಂದು ಭಾವಿಸಿದವನನ್ನು ಪೀಠದೊಡನೆಯೇ ಜನ ಮರೆಯುತ್ತಾರೆ. ಅದನ್ನು ಮುಂದಿನ ಪೀಳಿಗೆಯ ಒತ್ತೆಯೆಂದು ಭಾವಿಸಿ, ತನ್ನ ಲಾಭವನ್ನು ಬದಿಗಿಟ್ಟು ನಿರ್ಣಯ ಕೈಗೊಂಡವನ ಹೆಸರು ಉಳಿಯುತ್ತದೆ. ಇಂಗ್ಲಿಷ್ ಪ್ರಾಧ್ಯಾಪಕರಾಗಿ ಬಾಳಿದವರು ಕನ್ನಡದ ಮಕ್ಕಳಿಗೆ ಕನ್ನಡವೇ ಮೊದಲು ಎಂದು ನಿರ್ಭಯವಾಗಿ ಬರೆದರು. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳಲ್ಲಿ ಈಗ ಕಾಲೇಜುಗಳಿವೆ. ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿಯಲ್ಲಿ 2011ರಲ್ಲಿ ಜಾನಪದಕ್ಕೆಂದೇ ಒಂದು ವಿಶ್ವವಿದ್ಯಾಲಯವೂ ಸ್ಥಾಪಿತವಾಯಿತು. ಅಲ್ಲಿ ಓದುವ ತರುಣರಲ್ಲಿ ಕೆಲವರು ಮುಂದೆ ಇಂಥ ಪೀಠಗಳನ್ನು ಏರುವರು. ಅವರು ಏರುವ ಮುನ್ನ ತಮ್ಮ ಜಿಲ್ಲೆಯ ಈ ಹಿರಿಯರನ್ನು ಒಮ್ಮೆ ನೆನೆಯುವುದು ಉಚಿತ.