ಕಿಟ್ಟೆಲ್ ಪಂಡಿತರೂ ಸಭೆಯ ಗಾಯನವೂ

ಕಿಟ್ಟೆಲ್ ಪಂಡಿತರ ನಿಘಂಟನ್ನು ಕೇಳಿ ಅರಿಯದ ಕನ್ನಡಿಗರು ವಿರಳ. ಅವರು ಪದ್ಯಕಾರರೂ ಆಗಿದ್ದರೆಂಬುದನ್ನು ಬಲ್ಲವರು ಇನ್ನೂ ವಿರಳ.

ಫರ್ಡಿನಂಡ್ ಕಿಟ್ಟೆಲ್ ದೊರೆಗಳು 1832ನೆಯ ಇಸವಿ ಎಪ್ರಿಲ್ 7ರಂದು ಜರ್ಮನಿಯ ಉತ್ತರ ಕಡಲಂಚಿನ ಪೂರ್ವ ಫ್ರೀಸ್‌ಲಂಡ್ ಸೀಮೆಯ ರೆಸ್ಟರ್‌ಹಾಫೆ ಗ್ರಾಮದಲ್ಲಿ ಸಭಾಪಾಲಕರೊಬ್ಬರ ಮಗನಾಗಿ ಹುಟ್ಟಿದರು. ಆ ಸೀಮೆಯು ಆರ್ಗನ್ ವಾದ್ಯಗಳಿಗೆ ಹೆಸರುವಾಸಿಯಾದದ್ದು. ನಮ್ಮ ಹಾರ್ಮೋನಿಯಮ್ಮಿನಲ್ಲಿ ಗಾಳಿಯು ಹಿತ್ತಾಳೆಯ ನಾಲಿಗೆಗಳನ್ನು ನಡುಗಿಸುವುದು. ಆರ್ಗನ್ನಿನಲ್ಲಾದರೋ ದೊಡ್ಡ ತಿದಿಗಳ ಗಾಳಿಯು ನೂರಾರು ಕೊಳವೆಗಳನ್ನು ಹೊಕ್ಕು, ಬಹುಮಟ್ಟಿಗೆ ಕೊಳಲಿನಂತೆಯೇ ನುಡಿಯುವುದು. ಸಮೀಪದ ನಾರ್ಡನ್ ಪಟ್ಟಣದ ದೇವಾಲಯದಲ್ಲಿ ಆರ್ಪ್ ಶ್ನಿಟ್ಗರ್ ಎಂಬ ಕುಶಲನು 1692ರಲ್ಲಿ ಮುಗಿಸಿದ ಆರ್ಗನ್ ಇಂದಿಗೂ ನುಡಿಯುತ್ತಿದೆ. ಸಭೆಯು ರಾಗವನ್ನು ಹಾಡಲು, ಉಳಿದ ಸ್ವರಭಾಗಗಳನ್ನು ವಾದ್ಯವು ತುಂಬುವುದು ಆ ನಾಡಿನ ಆರಾಧನೆಯ ರೂಢಿ.

ಕಿಟ್ಟೆಲರು 1850ರಲ್ಲಿ ಬಾಸೆಲ್ ಮಿಶನ್ನಿನ ವಿದ್ಯಾಲಯವನ್ನು ಸೇರಿ 1853ರಲ್ಲಿ ಹಿಂದೂದೇಶಕ್ಕೆ ಬಂದರು. ಈ ಮಿಶನ್ನಿನವರು ಕನ್ನಡ ಸಭೆಗಳಿಗೆ ಜರ್ಮನ್ ರಾಗಗಳನ್ನು ತಂದಿದ್ದರು. ತೊಡಕು ಇಲ್ಲಿಯೇ ಇತ್ತು. ಜರ್ಮನ್ ಪದ್ಯವು ಒತ್ತಿನ ಮೇಲೆ ನಡೆಯುವುದು, ಕನ್ನಡ ಪದ್ಯವು ಗುರುಲಘುಗಳ ಮೇಲೆ. ಪರದೇಶದ ರಾಗಕ್ಕೆ ನಮ್ಮ ಮಾತನ್ನು ಹೊಂದಿಸುವಾಗ ಎಷ್ಟೋ ವೇಳೆ ಹ್ರಸ್ವವನ್ನು ಎಳೆದು ದೀರ್ಘವನ್ನು ನುಂಗಬೇಕಾಗುವುದು. ಮಳೆಗಾಲದ ಇರುಳಿನಲ್ಲಿ ಜೈಮಿನಿ ಭಾರತದ ವಾಚನವನ್ನು ಕೇಳಿ ಬಲ್ಲ ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯವರ ಕಿವಿಗೆ ಇದನ್ನು ಬೇರೆ ವಿವರಿಸಬೇಕೇ? ರಾಗವು ಎಷ್ಟೇ ಗಂಭೀರವಾಗಿದ್ದರೂ ಮಾತು ತಿಳಿಯದೆ ಹೋದರೆ ಕೇಳುವ ಒಕ್ಕಲಿಗನಿಗೆ ಸುವಾರ್ತೆಯು ಮುಟ್ಟಿದಂತಾಗಲಿಲ್ಲ.

ಕಿಟ್ಟೆಲರು ಹಳೆಯ ಕಾವ್ಯಗಳನ್ನು ಶ್ರದ್ಧೆಯಿಂದ ಕಲಿತು, 1862ರಲ್ಲಿ ಕ್ರಿಸ್ತನ ಚರಿತ್ರೆಯನ್ನು ಕನ್ನಡದ ಛಂದಸ್ಸಿನಲ್ಲಿಯೇ ಹೇಳುವ ಕಥಾಮಾಲೆಯನ್ನು ಪ್ರಕಟಿಸಿದರು. ಆರ್ಗನ್ನುಗಳ ಸೀಮೆಯಲ್ಲಿ ಹುಟ್ಟಿದವರು ಈ ದಾರಿಯನ್ನು ಹಿಡಿದದ್ದು ಸಣ್ಣ ಮಾತಲ್ಲ. ಜರ್ಮನ್ ರಾಗಗಳನ್ನು ತೊರೆಯಬೇಕೆಂದು ನಾನು ಹೇಳೆನು. ಅವು ಈಗ ನಮ್ಮವೂ ಆಗಿವೆ. ಆದರೆ ಕಥಾಮಾಲೆಯು ಕಪಾಟಿನಲ್ಲಿ ಮಲಗಿರುವುದು ನ್ಯಾಯವಲ್ಲ.

ಮೊದಲ ಪತ್ನಿ ಪೌಲೀನಮ್ಮನವರು ಮದುವೆಯಾದ ಕೆಲವೇ ವರ್ಷಗಳಲ್ಲಿ ತೀರಿಕೊಂಡರು. ಆದಾಗ್ಯೂ ಕೆಲಸವು ನಿಲ್ಲಲಿಲ್ಲ. ಕೇಶಿರಾಜನ ಶಬ್ದಮಣಿದರ್ಪಣವನ್ನು 1872ರಲ್ಲಿಯೂ ನಾಗವರ್ಮನ ಛಂದೋಂಬುಧಿಯನ್ನು 1875ರಲ್ಲಿಯೂ ಪರಿಷ್ಕರಿಸಿ ಅಚ್ಚು ಹಾಕಿಸಿದರು. ಸುಮಾರು 70,000 ಶಬ್ದಗಳ ನಿಘಂಟು 1894ರಲ್ಲಿ ಮಂಗಳೂರಿನಿಂದ ಹೊರಟಿತು. ಟ್ಯೂಬಿಂಗನ್ ವಿಶ್ವವಿದ್ಯಾಲಯವು 1896ರಲ್ಲಿ ಅವರಿಗೆ ಡಾಕ್ಟರ್ ಪದವಿಯನ್ನಿತ್ತಿತು. ಅದೇ ಪಟ್ಟಣದಲ್ಲಿ 1903ರ ಡಿಸೆಂಬರ್ ತಿಂಗಳಲ್ಲಿ ಅವರು ಕರ್ತನಲ್ಲಿ ನಿದ್ರೆಹೋದರು.