ತಾಳವಾಡಿಯ ಗೆಳೆಯನೊಡನೆ ಬೆಳ್ಳಿತೆರೆಗೆ ಬಂದ ನಗು: ಹಾಸ್ಯ ಚಕ್ರವರ್ತಿ ನರಸಿಂಹರಾಜು

ಚಾಮರಾಜನಗರದಿಂದ ತೆಂಕಣ ದಿಕ್ಕಿಗೆ ಹೊರಟರೆ ಸ್ವಲ್ಪ ಹೊತ್ತಿನಲ್ಲೇ ಕರ್ನಾಟಕದ ಗಡಿ ಮುಗಿಯುತ್ತದೆ. ಕನ್ನಡ ಮಾತ್ರ ಮುಗಿಯುವುದಿಲ್ಲ. ಮುಂದೆ ಸಿಗುವ ತಾಳವಾಡಿ ತಮಿಳುನಾಡಿನ ಈರೋಡು ಜಿಲ್ಲೆಗೆ ಸೇರಿದ್ದು. ಜಿಲ್ಲಾ ಕೇಂದ್ರದಲ್ಲಿ ಕೆಲಸವಿದ್ದರೆ ಅಲ್ಲಿಯ ಜನ ದಿಂಬದ ಘಾಟಿಯ 27 ತಿರುವುಗಳನ್ನಿಳಿದು ಬಣ್ಣಾರಿ, ಸತ್ಯಮಂಗಲದ ಹಾದಿ ಹಿಡಿಯಬೇಕು. ಸಂತೆಗೂ ನೆಂಟಸ್ತಿಕೆಗೂ ಚಾಮರಾಜನಗರದ ಕಡೆಗೇ ಮುಖ. ಕಚೇರಿಯ ಕಾಗದ ಒಂದು ಭಾಷೆಯಲ್ಲಿ, ಮನೆಯ ಮಾತು ಇನ್ನೊಂದು ಭಾಷೆಯಲ್ಲಿ ಎಂಬ ಈ ಸ್ಥಿತಿಯನ್ನು ಕಾಸರಗೋಡಿನವರಾದ ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. 1956ರ ನವೆಂಬರ್ 1ರಂದು ನಾವು ಕೇರಳಕ್ಕೆ ಸೇರಿದೆವು. ಅದೇ ದಿನ ಕೊಯಮತ್ತೂರು ಜಿಲ್ಲೆಯಲ್ಲಿದ್ದ ಕೊಳ್ಳೇಗಾಲ ತಾಲೂಕು ಮೈಸೂರು ರಾಜ್ಯಕ್ಕೆ ಹೋಯಿತು. ತಾಳವಾಡಿ ಮದರಾಸಿನಲ್ಲೇ ಉಳಿಯಿತು.

ತಾಳವಾಡಿ ಸೀಮೆಯ ಹೆಸರು ಹೊರಗಿನ ಬಹುಮಂದಿಯ ಕಿವಿಗೆ ಬಿದ್ದದ್ದು 2000ದ ಜುಲೈ 30ರ ರಾತ್ರಿ, ದೊಡ್ಡ ಗಾಜನೂರಿನ ತೋಟದ ಮನೆಯಿಂದ ಡಾ. ರಾಜ್‌ಕುಮಾರರನ್ನು ವೀರಪ್ಪನ್ ಒಯ್ದಾಗ. 108 ದಿನಗಳ ಆ ಸೆರೆಯ ಕಥೆಯನ್ನು ಇಲ್ಲಿ ಮತ್ತೆ ಹೇಳುವುದಿಲ್ಲ. ಗಾಜನೂರಿನ ಮುತ್ತುರಾಜ ಎಂಬ ಹುಡುಗ ರಾಜ್‌ಕುಮಾರನಾಗಿ ಮೊದಲ ಬಾರಿಗೆ ನಾಯಕನ ವೇಷದಲ್ಲಿ ಬೆಳ್ಳಿತೆರೆಗೆ ಬಂದಾಗ, ಅದೇ ಚಿತ್ರದಲ್ಲಿ ಅವನ ಜೊತೆಗೇ ತೆರೆಗೆ ಬಂದ ಇನ್ನೊಬ್ಬ ಕಲಾವಿದರನ್ನು ಇಂದು ನೆನೆಯಬೇಕೆನಿಸಿದೆ. ತಾಳವಾಡಿಯ ಮಗನನ್ನು ನಾಡು ಮರೆತಿಲ್ಲ, ಮರೆಯುವುದೂ ಇಲ್ಲ. ಅವನ ಪಕ್ಕದಲ್ಲಿ ನಿಂತು ನಾಡನ್ನು ನಗಿಸಿದ ತಿಪಟೂರಿನ ನರಸಿಂಹರಾಜು ಅವರನ್ನು ನಮ್ಮ ಎಳೆಯರು ಎಷ್ಟರ ಮಟ್ಟಿಗೆ ಬಲ್ಲರು ಎಂಬುದು ನಮ್ಮ ಚಿಂತೆ.

ಕಂಪೆನಿ ನಾಟಕದ ಪಾಠಶಾಲೆ

ನರಸಿಂಹರಾಜು ಅವರು ಹುಟ್ಟಿದ್ದು 1923ರ ಜುಲೈ 24ರಂದು. ಶಾಲೆಯ ಮೆಟ್ಟಿಲು ಹತ್ತುವ ಮೊದಲೇ, ನಾಲ್ಕರ ಹರೆಯದಲ್ಲಿ, ರಂಗದ ಮೆಟ್ಟಿಲು ಹತ್ತಿದರು. ಮಲ್ಲಪ್ಪನವರ ಚಂದ್ರಮೌಳೇಶ್ವರ ನಾಟಕ ಸಭೆಯಲ್ಲಿ ಅವರದು ಬಾಲ ಪಾತ್ರಗಳು: ಪ್ರಹ್ಲಾದ, ಲೋಹಿತಾಶ್ವ, ಬಾಲಕೃಷ್ಣ. ದನಿ ಒಡೆದ ಮೇಲೆ ಬಾಲ ಪಾತ್ರಗಳು ತಪ್ಪಿಹೋಗುವುದು ಕಂಪೆನಿಯ ಹುಡುಗರೆಲ್ಲರ ಪಾಡು. ಮುಂದೆ ಹಿರಣ್ಣಯ್ಯನವರ ಮಿತ್ರ ಮಂಡಳಿ, ಕೊನೆಗೆ ಗುಬ್ಬಿ ವೀರಣ್ಣನವರ ಕಂಪೆನಿ, ಹೀಗೆ ಊರೂರು ತಿರುಗಿ ಅವರು ಪಳಗಿದ್ದು ಹಾಸ್ಯದಲ್ಲಿ.

ಕಂಪೆನಿ ನಾಟಕದಲ್ಲಿ ಹಾಸ್ಯಗಾರನ ಕೆಲಸ ಹಗುರವಾದುದಲ್ಲ. ಹಿಂದೆ ಅರಮನೆಯ ಪರದೆ ಇಳಿಸಿ ಕಾಡಿನ ಪರದೆ ಏರಿಸುವಾಗ, ನಾಯಕ ವೇಷ ಬದಲಿಸುವಾಗ, ಮುಂದಿನ ಪರದೆಯೆದುರಿಗೆ ನಿಂತು ಸಭೆಯನ್ನು ಹಿಡಿದಿಡಬೇಕಾದವನು ಅವನೇ. ಐದು ನಿಮಿಷವೆಂದು ಹೇಳಿದ್ದು ಹದಿನೈದಾದರೂ ಬಾಯಿ ಸೋಲಬಾರದು. ನೆಲದ ಮೇಲೆ ಕುಳಿತವನಿಗೂ ಹಿಂದಿನ ಸಾಲಿನವನಿಗೂ ಮಾತು ಮುಟ್ಟಬೇಕು. ಸಭೆ ಎಲ್ಲಿ ನಗುತ್ತದೆ, ಎಲ್ಲಿ ಆಕಳಿಸುತ್ತದೆ ಎಂಬ ಲೆಕ್ಕ ಮೈಗೆ ಹತ್ತುವುದು ಇಂಥಲ್ಲಿಯೇ. ಕಡ್ಡಿಯಂಥ ಮೈ, ಮುಂದಕ್ಕೆ ಚಾಚಿದ ಹಲ್ಲು, ಅರಳುವ ಕಣ್ಣು. ನೋಟಕ್ಕೆ ಕೊರತೆಯೆನಿಸಬಹುದಾದ ಇವನ್ನೇ ನರಸಿಂಹರಾಜು ಬಂಡವಾಳ ಮಾಡಿಕೊಂಡರು.

ಗುಬ್ಬಿ ಕಂಪೆನಿ ತಾಳವಾಡಿ ಸೀಮೆಯವರಿಗೂ ಹೊಸತಲ್ಲ. ಮುತ್ತುರಾಜನ ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ಅಲ್ಲಿ ಹೆಸರಾಂತ ನಟರು. ತಂದೆಯ ಬೆನ್ನಿಗೆ ಮಗನೂ ಅದೇ ರಂಗದಲ್ಲಿ ಬೆಳೆದವನು. ನರಸಿಂಹರಾಜು ವಯಸ್ಸಿನಲ್ಲಿ ಆರು ವರ್ಷಕ್ಕೆ ಹಿರಿಯರು.

ಬೇಡರ ಕಣ್ಣಪ್ಪ

1954ರಲ್ಲಿ ಎಚ್. ಎಲ್. ಎನ್. ಸಿಂಹ ಅವರು ಬೇಡರ ಕಣ್ಣಪ್ಪ ಚಿತ್ರವನ್ನು ನಿರ್ದೇಶಿಸಿದರು. ಶಿವನಿಗೆ ಕಣ್ಣನ್ನೇ ಕಿತ್ತುಕೊಟ್ಟ ಬೇಡನಾಗಿ ರಾಜ್‌ಕುಮಾರ್; ದೇಗುಲದ ಅರ್ಚಕನ ಮಗ ಕಾಶಿಯಾಗಿ ನರಸಿಂಹರಾಜು. ಒಬ್ಬರು ಅಳಿಸಿದರು, ಇನ್ನೊಬ್ಬರು ನಗಿಸಿದರು. ಚಿತ್ರ ಗೆದ್ದಿತು. ರಾಷ್ಟ್ರ ಪ್ರಶಸ್ತಿಗಳಲ್ಲಿ ಅರ್ಹತಾ ಪತ್ರವೂ ಬಂದಿತು. ಅಲ್ಲಿಂದ ಮುಂದೆ 25 ವರ್ಷ ನರಸಿಂಹರಾಜು ಬಣ್ಣ ಅಳಿಸಿದ್ದೇ ಕಡಿಮೆ. ಅವರು ನಟಿಸಿದ ಚಿತ್ರಗಳು ಇನ್ನೂರನ್ನು ಮೀರುತ್ತವೆ.

ಆದರೆ ಆ ಗೆಲುವು ಹೊಟ್ಟೆ ತುಂಬಿಸಲಿಲ್ಲ ಎಂಬುದನ್ನು ಮರೆಯಬಾರದು. ಕನ್ನಡ ಚಿತ್ರಗಳು ಬಹುಮಟ್ಟಿಗೆ ತಯಾರಾಗುತ್ತಿದ್ದುದು ಮದರಾಸಿನ ಸ್ಟುಡಿಯೋಗಳಲ್ಲಿ. ವರ್ಷಕ್ಕೆ ಬೆರಳೆಣಿಕೆಯ ಚಿತ್ರಗಳು. ಪರಭಾಷೆಯ ಚಿತ್ರಗಳಿಗೆ ಕನ್ನಡದ ಮಾತು ಜೋಡಿಸಿ ಬಿಡುಗಡೆ ಮಾಡುವ ಡಬ್ಬಿಂಗ್ ಹಾವಳಿ ಬೇರೆ. ಕನ್ನಡ ನಟನಿಗೆ ತನ್ನ ಭಾಷೆಯ ಚಿತ್ರರಂಗದಲ್ಲೇ ಕೆಲಸವಿಲ್ಲದ ಕಾಲ ಅದು. ಆಗ ರಾಜ್‌ಕುಮಾರ್, ನರಸಿಂಹರಾಜು, ಟಿ. ಎನ್. ಬಾಲಕೃಷ್ಣ, ಜಿ. ವಿ. ಅಯ್ಯರ್ ಈ ನಾಲ್ವರು ಸೇರಿ ಕನ್ನಡ ಚಲನಚಿತ್ರ ಕಲಾವಿದರ ಸಂಘ ಕಟ್ಟಿದರು. ಮತ್ತೆ ಪರದೆ ಕಟ್ಟಿ ಊರೂರಲ್ಲಿ ನಾಟಕವಾಡಿದರು. ಬಂದ ಹಣ ಹೂಡಿ 1960ರಲ್ಲಿ ರಣಧೀರ ಕಂಠೀರವ ಚಿತ್ರವನ್ನು ತೆರೆಗೆ ತಂದರು. ಮೈಸೂರಿನ ಅರಸು ಕಂಠೀರವ ನರಸರಾಜ ಒಡೆಯರ ಕಥೆ ಅದು. ಆ ಚಿತ್ರ ಸೋತಿದ್ದರೆ ನಾಲ್ವರ ಗತಿ ಏನಾಗುತ್ತಿತ್ತೋ! ಅದು ಗೆದ್ದಿತು. ಕನ್ನಡ ಚಿತ್ರರಂಗ ತನ್ನ ಕಾಲ ಮೇಲೆ ನಿಲ್ಲಬಲ್ಲುದು ಎಂಬ ಧೈರ್ಯ ಬಂದಿತು. ನಗಿಸುವವನ ಪಾಲಿಗೆ ನಗು ಮಾತ್ರವಲ್ಲ, ಹೊಣೆಯೂ ಇತ್ತು ಎಂಬುದನ್ನು ತೋರಿಸಲು ಈ ಒಂದು ಸಂಗತಿ ಸಾಕು.

ನಕ್ಷತ್ರಿಕನೂ ತೆನಾಲಿಯೂ

ನರಸಿಂಹರಾಜು ಅವರನ್ನು ಬರೇ ಕೋಡಂಗಿ ಪಾತ್ರದವರೆಂದು ತಿಳಿಯುವುದು ತಪ್ಪು. 1965ರ ಸತ್ಯ ಹರಿಶ್ಚಂದ್ರ ಚಿತ್ರದ ನಕ್ಷತ್ರಿಕನನ್ನು ನೆನಪಿಗೆ ತಂದುಕೊಳ್ಳಿ. ರಾಜ್ಯ ಕಳೆದುಕೊಂಡ ಅರಸನ ಬೆನ್ನು ಹತ್ತಿ ಸಾಲ ಕೇಳುತ್ತಾ ಪೀಡಿಸುವ ಶಿಷ್ಯ ಅವನು. ಬಿಡದೆ ಕಾಡುವವನನ್ನು ನಾವು ಇಂದಿಗೂ ನಕ್ಷತ್ರಿಕ ಎಂದೇ ಕರೆಯುತ್ತೇವೆ. ಆ ಪಾತ್ರ ನಗಿಸಬೇಕು. ಆದರೆ ಹರಿಶ್ಚಂದ್ರನ ಕಷ್ಟವನ್ನು ಹಗುರ ಮಾಡಬಾರದು. ಈ ಎರಡರ ನಡುವಿನ ದಾರಿ ಬಹಳ ಕಿರಿದು. ಬಾಲ್ಯದಲ್ಲಿ ಇದೇ ಕಥೆಯ ಲೋಹಿತಾಶ್ವನಾಗಿ ರಂಗಕ್ಕೆ ಬಂದಿದ್ದವರಿಗೆ ಆ ದಾರಿಯ ಪರಿಚಯ ಚೆನ್ನಾಗಿಯೇ ಇತ್ತು.

1970ರಲ್ಲಿ ಬಿ. ಆರ್. ಪಂತುಲು ಅವರ ಶ್ರೀ ಕೃಷ್ಣದೇವರಾಯ ಚಿತ್ರದಲ್ಲಿ ಅವರು ತೆನಾಲಿ ರಾಮಕೃಷ್ಣ. ಅಲ್ಲಿ ನಗು ಬುದ್ಧಿಯಿಂದ ಹುಟ್ಟಬೇಕು, ಮುಖದ ತಿರುಚಾಟದಿಂದಲ್ಲ. ಇನ್ನೊಂದು ಕಡೆ 1968ರ ಜೇಡರ ಬಲೆಯಂಥ ಪತ್ತೇದಾರಿ ಚಿತ್ರಗಳಲ್ಲಿ ಕೋಟು ತೊಟ್ಟ ನಾಯಕನಿಗೆ ಜೊತೆಗಾರ. ಪುರಾಣ, ಇತಿಹಾಸ, ಸಂಸಾರದ ಕಥೆ, ಪತ್ತೇದಾರಿ, ಎಲ್ಲಿಟ್ಟರೂ ಅವರು ಹೊಂದಿಕೊಂಡರು. ಬಾಲಕೃಷ್ಣ ಅವರೊಡನೆ ಅವರ ಜೋಡಿ ಜನರಿಗೆ ಅಚ್ಚುಮೆಚ್ಚು. ಬಾಲಕೃಷ್ಣ ಅವರಿಗೆ ಕಿವಿ ಮಂದ. ಎದುರಿನ ನಟನ ಮುಖ ನೋಡಿಯೇ ಮಾತಿನ ಸರದಿ ಹಿಡಿಯಬೇಕು. ಆ ಜೋಡಿಯ ಸರಸ ಮಾತುಗಳ ಹಿಂದೆ ಇಂಥ ಹೊಂದಾಣಿಕೆ ಇತ್ತೆಂಬುದು ನೋಡುವವನಿಗೆ ಗೊತ್ತೇ ಆಗುತ್ತಿರಲಿಲ್ಲ.

ನಿರ್ಮಾಪಕರು ಮೊದಲು ನರಸಿಂಹರಾಜು ಅವರ ದಿನಾಂಕ ಗೊತ್ತುಮಾಡಿಕೊಂಡು ಆಮೇಲೆ ನಾಯಕನ ಬಳಿಗೆ ಹೋಗುತ್ತಿದ್ದರೆಂದು ಚಿತ್ರರಂಗದಲ್ಲಿ ಹೇಳಿಕೊಳ್ಳುವುದುಂಟು. ಹಂಚಿಕೆದಾರರಿಗೆ ಅವರ ಹೆಸರು ಅಷ್ಟು ಭರವಸೆ ಕೊಡುತ್ತಿತ್ತು. ಹಾಸ್ಯ ಚಕ್ರವರ್ತಿ ಎಂಬ ಬಿರುದಿಗೆ ಜನ ಬೇರೊಬ್ಬರನ್ನು ಹುಡುಕಲಿಲ್ಲ.

ಇಳಿಹೊತ್ತು

ಎಪ್ಪತ್ತರ ದಶಕದಲ್ಲಿ ಕಾಲ ಬದಲಾಯಿತು. ಹೊಸ ಹಾಸ್ಯನಟರು ಬಂದರು, ಚಿತ್ರಗಳ ಧಾಟಿಯೂ ಬೇರೆಯಾಯಿತು. 1974ರಲ್ಲಿ ಪ್ರೊಫೆಸರ್ ಹುಚ್ಚೂರಾಯ ಚಿತ್ರವನ್ನು ತಾವೇ ನಿರ್ಮಿಸಿ ಮುಖ್ಯ ಪಾತ್ರ ವಹಿಸಿದರು. ಜೀವಮಾನವೆಲ್ಲ ನಾಯಕನ ಪಕ್ಕದಲ್ಲಿ ನಿಂತವರು ಒಮ್ಮೆ ನಡುವೆ ನಿಲ್ಲಬಯಸಿದ್ದರಲ್ಲಿ ತಪ್ಪೇನಿದೆ? 1979ರ ಜುಲೈಯಲ್ಲಿ, 56 ತುಂಬುವ ಮೊದಲೇ, ಅವರು ತೀರಿಕೊಂಡರು. ಅದೇ ವರ್ಷ ಕೊಯಮತ್ತೂರು ಜಿಲ್ಲೆ ಒಡೆದು ಪೆರಿಯಾರ್ ಜಿಲ್ಲೆಯಾಯಿತು, ತಾಳವಾಡಿ ಅದಕ್ಕೆ ಸೇರಿತು. ಅದೇ ಮುಂದೆ ಈರೋಡು ಜಿಲ್ಲೆ ಎನಿಸಿತು. ರಾಜ್‌ಕುಮಾರ್ 2006ರಲ್ಲಿ ಅಗಲಿದರು.

ಗಡಿನಾಡಿನವರಾದ ನಮಗೆ ನರಸಿಂಹರಾಜು ಅವರ ನೆನಪು ಬೇಕಾಗಿರುವುದಕ್ಕೆ ಬೇರೆಯೇ ಕಾರಣವಿದೆ. ಅರ್ಜಿಯನ್ನು ಯಾವ ಭಾಷೆಯಲ್ಲಾದರೂ ಬರೆಯಬಹುದು, ಬರೆಸಿಕೊಳ್ಳಬಹುದು. ಆದರೆ ಹಾಸ್ಯ ಥಟ್ಟನೆ ತಿಳಿಯಬೇಕಾದರೆ ಆ ಭಾಷೆ ಮೈಗೆ ಹತ್ತಿರಬೇಕು. ಅರ್ಥ ಕೇಳಿ ನಗುವವನಿಲ್ಲ. ತಾಳವಾಡಿಯಲ್ಲಾಗಲಿ ನಮ್ಮ ಮಂಜೇಶ್ವರ, ಕುಂಬಳೆಗಳಲ್ಲಾಗಲಿ ನಕ್ಷತ್ರಿಕನ ಮಾತಿಗೆ ಮನೆಯ ಮಕ್ಕಳು ಹಿರಿಯರೊಡನೆ ಒಟ್ಟಿಗೆ ನಕ್ಕರೆ ಅಲ್ಲಿ ಕನ್ನಡ ಇನ್ನೂ ಇದೆ ಎಂದು ತಿಳಿಯಬಹುದು. ಹಿರಿಯರು ಮಾತ್ರ ನಕ್ಕು ಮಕ್ಕಳು ಅವರ ಮುಖ ನೋಡುವಂತಾದರೆ ಆಗ ಯೋಚಿಸಬೇಕಾದವರು ನಾವು. ಸತ್ಯ ಹರಿಶ್ಚಂದ್ರ ಈಗ ಬಣ್ಣ ತೊಟ್ಟೂ ಸಿಗುತ್ತದೆ. ಬಿಡುವಿನ ಒಂದು ದಿನ ಮನೆಮಂದಿಯೆಲ್ಲ ಕೂಡಿ ನೋಡಿರೆಂದು ನಮ್ಮ ಓದುಗರಲ್ಲಿ ವಿನಂತಿ.